ಒಂದೇ ಹತ್ತು ಸಾವಿರ, ಬೇರೆ ಬೇರೆ ಲೆಕ್ಕ

1993ರ ಫೆಬ್ರವರಿಯಲ್ಲಿ ಬೆಂಗಳೂರಿನ ಇನ್ಫೋಸಿಸ್ ಕಂಪನಿ ತನ್ನ ಷೇರುಗಳನ್ನು ಮೊದಲ ಸಲ ಸಾರ್ವಜನಿಕರ ಮುಂದಿಟ್ಟಿತು. ಷೇರೊಂದಕ್ಕೆ 95 ರೂಪಾಯಿ. ಕೊಳ್ಳುವವರು ಸಾಲಲಿಲ್ಲ. ಸಾಫ್ಟ್‌ವೇರ್ ಎಂಬ ಕಣ್ಣಿಗೆ ಕಾಣದ ಸರಕಿನ ಮೇಲೆ ದುಡ್ಡು ಹಾಕಲು ಜನ ಹಿಂಜರಿದರು. ಕೊನೆಗೆ ಅಮೆರಿಕದ ಮಾರ್ಗನ್ ಸ್ಟ್ಯಾನ್ಲಿ ದೊಡ್ಡ ಪಾಲನ್ನು ಎತ್ತಿಕೊಂಡಿತು. ಆಗ ಯಾರಾದರೂ ಧೈರ್ಯ ಮಾಡಿ 100 ಷೇರು ಕೊಂಡಿದ್ದರೆ ಖರ್ಚಾಗುತ್ತಿದ್ದುದು 9,500 ರೂಪಾಯಿ. ಹತ್ತು ಸಾವಿರಕ್ಕೆ ಐನೂರು ಕಡಿಮೆ.

ಆ ನೂರು ಷೇರು ಮುಂದೆ ಏನಾಯಿತು ಎಂಬುದನ್ನು ಒಂದೊಂದೇ ಮೆಟ್ಟಿಲು ಹತ್ತಿ ನೋಡಬೇಕು. 1994ರಲ್ಲಿ ಒಂದಕ್ಕೊಂದು ಬೋನಸ್, ಷೇರು 200 ಆದವು. 1997ರಲ್ಲಿ ಮತ್ತೆ ಬೋನಸ್, 400. 1999ರಲ್ಲಿ 800. 2000ದಲ್ಲಿ ಷೇರಿನ ಮುಖಬೆಲೆಯನ್ನು ಎರಡು ಭಾಗ ಮಾಡಿದರು, 1,600. 2004ರಲ್ಲಿ ಒಂದು ಷೇರಿಗೆ ಮೂರು ಬೋನಸ್, 6,400. 2006, 2014, 2015, 2018 ಈ ನಾಲ್ಕು ವರ್ಷಗಳಲ್ಲಿ ಮತ್ತೆ ನಾಲ್ಕು ಸಲ ಇಮ್ಮಡಿ. ಕೊನೆಗೆ ಕೈಯಲ್ಲಿ ಉಳಿದದ್ದು 1,02,400 ಷೇರು. ಹೊಸದಾಗಿ ಒಂದು ರೂಪಾಯಿಯನ್ನೂ ಹಾಕದೆ, ಹತ್ತು ಸಲ ಇಮ್ಮಡಿಯಾಗಿ, ನೂರು ಇದ್ದದ್ದು ಲಕ್ಷ ದಾಟಿತು. ಷೇರಿನ ಬೆಲೆಯೂ ಸುಮ್ಮನೆ ಕೂತಿರಲಿಲ್ಲ. 2025ರ ಬೆಲೆಯಲ್ಲಿ ಒಂದಕ್ಕೆ ಸುಮಾರು 1,500 ರೂಪಾಯಿ ಎಂದು ಹಿಡಿದರೆ ಒಟ್ಟು ಮೌಲ್ಯ 15 ಕೋಟಿ 36 ಲಕ್ಷ.

ನನ್ನನ್ನು ಬೆರಗುಗೊಳಿಸಿದ್ದು ಈ ಹದಿನೈದು ಕೋಟಿಗಿಂತ ಹೆಚ್ಚಾಗಿ ಅದು ವರ್ಷವರ್ಷ ಸುರಿಸುವ ಲಾಭಾಂಶ. 2024-25ರ ಸಾಲಿಗೆ ಕಂಪನಿ ಷೇರೊಂದಕ್ಕೆ ಕೊಟ್ಟ ಲಾಭಾಂಶ 43 ರೂಪಾಯಿ. ನಮ್ಮ 1,02,400 ಷೇರಿಗೆ ಲೆಕ್ಕ ಹಾಕಿದರೆ 44 ಲಕ್ಷದ 3 ಸಾವಿರ ಚಿಲ್ಲರೆ. ಅಸಲು ಹಾಗೆಯೇ ಇದೆ, ಒಂದು ಷೇರನ್ನೂ ಮಾರಿಲ್ಲ, ಆದರೂ ಒಂದೇ ವರ್ಷದಲ್ಲಿ ಬ್ಯಾಂಕ್ ಖಾತೆಗೆ 44 ಲಕ್ಷ ಬಂದು ಬಿತ್ತು.

ಈಗ ಅದೇ ಬೆಂಗಳೂರಿನಲ್ಲಿ, ಇನ್ಫೋಸಿಸ್ ಇರುವ ಎಲೆಕ್ಟ್ರಾನಿಕ್ಸ್ ಸಿಟಿಗೆ ಹೋಗುವ ಅದೇ ಹೊಸೂರು ರಸ್ತೆಯ ಆಚೀಚೆ ಇರುವ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಒಳಗೆ ಹೋಗೋಣ. ಅಂಗಿ ಹೊಲಿಯುವ ಲೈನಿನಲ್ಲಿ ಯಾರೂ ಇಡೀ ಅಂಗಿ ಹೊಲಿಯುವುದಿಲ್ಲ. ಒಬ್ಬಳು ಕಫ್, ಒಬ್ಬಳು ತೋಳು, ಒಬ್ಬಳು ಕಾಲರ್. ಕಾಲರ್ ಕೂರಿಸುವ ಟೈಲರ್ ಎಡಗಡೆಯ ಬಂಡಲ್‌ನಿಂದ ಪೀಸ್ ಎಳೆದುಕೊಳ್ಳುತ್ತಾಳೆ, ಕತ್ತಿನ ಬಾಗಿಗೂ ಕಾಲರಿನ ನಡುಗುರುತಿಗೂ ಸರಿಹೊಂದಿಸುತ್ತಾಳೆ, ಪೆಡಲ್ ಒತ್ತುತ್ತಾಳೆ, ತಿರುವಿನಲ್ಲಿ ಬಟ್ಟೆ ನೆರಿಗೆ ಕಟ್ಟದಂತೆ ಬೆರಳಲ್ಲಿ ತಡೆದು ಸೂಜಿಯ ಕೆಳಗೆ ಸಾಗಿಸುತ್ತಾಳೆ, ದಾರ ಕತ್ತರಿಸಿ ಬಲಗಡೆಗೆ ಎಸೆಯುತ್ತಾಳೆ. ಟಾರ್ಗೆಟ್ ಗಂಟೆಗೆ 80 ಎಂದಿದ್ದರೆ ಈ ಅಷ್ಟೂ ಕೆಲಸಕ್ಕೆ ಇರುವುದು 45 ಸೆಕೆಂಡು. ನೀರು ಕುಡಿಯಲು ಎದ್ದರೆ ನಾಲ್ಕು ಪೀಸ್ ಬಾಕಿ. ದಿನಕ್ಕೆ 640 ಕಾಲರ್, ತಿಂಗಳಿಗೆ 26 ದಿನದಂತೆ ವರ್ಷಕ್ಕೆ ಹತ್ತಿರಹತ್ತಿರ ಎರಡು ಲಕ್ಷ. ಇಪ್ಪತ್ತು ವರ್ಷ ದುಡಿದ ಹೆಣ್ಣುಮಗಳೊಬ್ಬಳು ನಲವತ್ತು ಲಕ್ಷ ಜನರ ಕತ್ತಿಗೆ ಕಾಲರ್ ಕೂರಿಸಿರುತ್ತಾಳೆ.

ಇಷ್ಟು ದುಡಿದವಳ ಕೈಗೆ, ಪಿ.ಎಫ್., ಇ.ಎಸ್.ಐ. ಕಳೆದು, ತಿಂಗಳಿಗೆ ಸುಮಾರು 12 ಸಾವಿರ ಬರುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 1 ಲಕ್ಷ 44 ಸಾವಿರ. ಆ ನೂರು ಷೇರು ಒಂದು ವರ್ಷದಲ್ಲಿ ತಂದ ಲಾಭಾಂಶವನ್ನು ಅವಳು ಸಂಪಾದಿಸಲು ಮೂವತ್ತು ವರ್ಷಕ್ಕೂ ಹೆಚ್ಚು ಬೇಕು. ಷೇರಿನ ಪೂರ್ತಿ ಮೌಲ್ಯವನ್ನು, ಊಟಕ್ಕೂ ಬಾಡಿಗೆಗೂ ಒಂದು ಪೈಸೆ ಖರ್ಚು ಮಾಡದೆ ಕೂಡಿಡಲು 1,066 ವರ್ಷ ಬೇಕು. ಅಂದರೆ ಇಂದಿಗೆ ಆ ಮೊತ್ತ ಕೈಸೇರಬೇಕಾದರೆ ಅವಳು ಕಾಲರ್ ಹೊಲಿಯಲು ಕೂರಬೇಕಿದ್ದದ್ದು ಪಂಪ ತನ್ನ ಭಾರತವನ್ನು ಬರೆದು ಮುಗಿಸಿ ಇಪ್ಪತ್ತು ವರ್ಷಕ್ಕೆ. ಶ್ರವಣಬೆಳಗೊಳದಲ್ಲಿ ಚಾವುಂಡರಾಯ ಗೊಮ್ಮಟನನ್ನು ನಿಲ್ಲಿಸಲು ಆಗ ಇನ್ನೂ ಇಪ್ಪತ್ತು ವರ್ಷ ಬಾಕಿ.

ಕಷ್ಟಪಟ್ಟರೆ ಮೇಲೆ ಬರಬಹುದು ಎಂದು ಹೇಳುವವರು ಇಲ್ಲಿ ಒಂದು ಮಾತು ತೆಗೆಯುತ್ತಾರೆ: ಇನ್ನೂ ಹೆಚ್ಚು ದುಡಿಯಲಿ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣ ಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. ಅದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಕಾನೂನಿನ ವಾರ 48 ಗಂಟೆ. ಉಳಿದ 22 ಗಂಟೆಗೆ ಓವರ್‌ಟೈಮ್ ಎಂದು ಎರಡರಷ್ಟು ಕೂಲಿ ಕೊಡಬೇಕು. ಹಾಗೆ ಪೂರ್ತಿ ಸಿಕ್ಕಿತು ಎಂದೇ ಇಟ್ಟುಕೊಂಡರೆ ತಿಂಗಳ ದುಡಿಮೆ 12 ಸಾವಿರದಿಂದ 23 ಸಾವಿರಕ್ಕೆ ಏರುತ್ತದೆ. ಆಗ ಬೇಕಾಗುವುದು 556 ವರ್ಷ. ಪಂಪನ ಕಾಲದಿಂದ ಕೃಷ್ಣದೇವರಾಯ ಹುಟ್ಟಿದ ವರ್ಷದ ಆಸುಪಾಸಿಗೆ ಬಂದೆವು. ಅಷ್ಟು ಓವರ್‌ಟೈಮ್‌ಗೆ ಕಾನೂನು ಒಪ್ಪುವುದೂ ಇಲ್ಲ. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಮೂರು ತಿಂಗಳಿಗೆ 75 ಗಂಟೆ ಇದ್ದ ಮಿತಿಯನ್ನು 144ಕ್ಕೆ ಏರಿಸಿತು. ಇಲ್ಲಿ ಬೇಕಾದದ್ದು 286. ಮೈ ಒಪ್ಪುತ್ತದೆಯೇ ಎಂಬ ಪ್ರಶ್ನೆ ಬೇರೆ. ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆ. ದುಡಿಮೆಯನ್ನು ಒಂದೂವರೆ ಪಟ್ಟು ಮಾಡಬಹುದು, ಬಹಳವೆಂದರೆ ಎರಡು ಪಟ್ಟು. ಹತ್ತು ಸಲ ಇಮ್ಮಡಿ ಮಾಡಲು ಯಾವ ದೇಹಕ್ಕೂ ಆಗುವುದಿಲ್ಲ.

ಇನ್ಫೋಸಿಸ್ ಕಟ್ಟಿದವರು ಕಷ್ಟಪಡಲಿಲ್ಲ ಎಂದು ನಾನು ಹೇಳುತ್ತಿಲ್ಲ. 1981ರಲ್ಲಿ ಆ ಕಂಪನಿ ಶುರುವಾದದ್ದು ನಾರಾಯಣ ಮೂರ್ತಿಯವರ ಪತ್ನಿ ಸುಧಾ ಮೂರ್ತಿಯವರು ಕೊಟ್ಟ 10 ಸಾವಿರ ರೂಪಾಯಿಯಿಂದ. ಫೋನ್ ಸಂಪರ್ಕಕ್ಕೆ, ಕಂಪ್ಯೂಟರ್ ಆಮದಿನ ಪರವಾನಗಿಗೆ ವರ್ಷಗಟ್ಟಲೆ ಅಲೆಯಬೇಕಾಗಿದ್ದ ಕಾಲವದು. ಕಂಪನಿ ಕಟ್ಟಿದ ಏಳು ಜನರ ದುಡಿಮೆ ದೊಡ್ಡದು. ಆದರೆ 1993ರಲ್ಲಿ ನೂರು ಷೇರು ಕೊಂಡು ಪತ್ರಗಳನ್ನು ಟ್ರಂಕಿನಲ್ಲಿಟ್ಟು ಮರೆತವರಿಗೂ 15 ಕೋಟಿ ಬಂದಿರುತ್ತದೆ, ಅವರು ಕಂಪನಿಗಾಗಿ ಒಂದು ಗಂಟೆಯೂ ದುಡಿದಿಲ್ಲ. ದುಡಿಮೆಗೆ ಸಿಗುವ ಪ್ರತಿಫಲ ಬೇರೆ, ಒಡೆತನಕ್ಕೆ ಸಿಗುವ ಪ್ರತಿಫಲ ಬೇರೆ. ಒಂದು ಕೂಡುತ್ತಾ ಹೋಗುತ್ತದೆ, ಇನ್ನೊಂದು ಗುಣಿಸುತ್ತಾ ಹೋಗುತ್ತದೆ. ಕೂಡುವವರಿಗೂ ಗುಣಿಸುವವರಿಗೂ ಮೊದಲ ಎರಡು-ಮೂರು ವರ್ಷ ದೊಡ್ಡ ಅಂತರ ಕಾಣುವುದಿಲ್ಲ. ಮೂವತ್ತು ವರ್ಷದ ಹೊತ್ತಿಗೆ ಇಬ್ಬರೂ ಒಂದೇ ದೇಶದಲ್ಲಿದ್ದಾರೆಂದು ನಂಬಲು ಕಷ್ಟವಾಗುತ್ತದೆ.

ಅದೃಷ್ಟದ ಒಂದು ಕಂಪನಿಯನ್ನು ಆರಿಸಿ ತೋರಿಸುತ್ತಿದ್ದೀರಿ ಎಂಬ ಆಕ್ಷೇಪಣೆ ಸರಿಯಾದದ್ದೇ. ತೊಂಬತ್ತರ ದಶಕದ ಮೊದಲ ಭಾಗದಲ್ಲಿ ಷೇರು ಮಾರಿ ದುಡ್ಡೆತ್ತಿದ ಸಾವಿರಾರು ಕಂಪನಿಗಳಲ್ಲಿ ಎಷ್ಟೋ ಕಂಪನಿಗಳು ಹೇಳಹೆಸರಿಲ್ಲದೆ ಹೋದವು. ಅವನ್ನು ನಂಬಿದ ಪಿಂಚಣಿದಾರರ ಹತ್ತು ಸಾವಿರಗಳೂ ಮುಳುಗಿದವು. ಹಾಗಾಗಿ ಒಂದು ಕಂಪನಿ ಬಿಟ್ಟು ಮಾರುಕಟ್ಟೆಯ ದೊಡ್ಡ ಕಂಪನಿಗಳ ಸರಾಸರಿಯನ್ನೇ ನೋಡೋಣ. ಮುಂಬೈ ಷೇರುಪೇಟೆಯ ಸೆನ್ಸೆಕ್ಸ್ ಸೂಚ್ಯಂಕಕ್ಕೆ 1978-79 ಮೂಲ ವರ್ಷ, ಆಗ ಅದರ ಬೆಲೆ 100 ಎಂದು ಇಟ್ಟರು. 2024ರಲ್ಲಿ ಅದು 80 ಸಾವಿರ ದಾಟಿತು. ಯಾವ ಜಾಣತನವನ್ನೂ ತೋರದೆ, ಆ ಕಂಪನಿಗಳಲ್ಲಿ ಸೂಚ್ಯಂಕದಂತೆಯೇ ಹರಡಿಟ್ಟ ಹತ್ತು ಸಾವಿರ ರೂಪಾಯಿ ಲಾಭಾಂಶ ಬಿಟ್ಟೇ 80 ಲಕ್ಷ ಆಗಿರುತ್ತಿತ್ತು. ನಡುವೆ ಬೆಲೆಗಳೂ ಏರಿವೆ, ಆ 80 ಲಕ್ಷ ಅಂದಿನ 80 ಲಕ್ಷವಲ್ಲ. ಆ ಏರಿಕೆಯನ್ನು ಕಳೆದರೂ ಉಳಿಯುವುದು ಹಲವು ಪಟ್ಟು.

ಹಾಗಾದರೆ ಆ ಟೈಲರ್ ಯಾಕೆ ಷೇರು ಕೊಳ್ಳಬಾರದು? ಗುಣಿಸುವ ಲೆಕ್ಕಕ್ಕೆ ಬೇಕಾದ ಮುಖ್ಯ ಸಾಮಗ್ರಿ ಕಾಯುವ ಶಕ್ತಿ. ಹತ್ತು ಸಾವಿರವನ್ನು ಮೂವತ್ತು ವರ್ಷ ಮುಟ್ಟದೆ ಇಡಬೇಕು, ನಡುವೆ ಅದು ಅರ್ಧಕ್ಕೆ ಕುಸಿದರೂ ಎದೆಗುಂದಬಾರದು. ತಿಂಗಳ ಕೊನೆಯ ವಾರ ಅಕ್ಕಿಗೆ ಕಡ ಹೇಳುವ ಮನೆಗೆ ಆ ಶಕ್ತಿ ಇರುವುದಿಲ್ಲ. ಅದು ಸಿದ್ಧಾಂತದ ಮಾತಲ್ಲ, ಮಗುವಿಗೆ ಜ್ವರ ಬಂದ ರಾತ್ರಿಯ ಮಾತು.

ಆ ರಾತ್ರಿ ಅದೇ ಹತ್ತು ಸಾವಿರ ಇನ್ನೊಂದು ರೂಪದಲ್ಲಿ ಮನೆಯೊಳಗೆ ಬರುತ್ತದೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ನಮ್ಮ ಬಡಾವಣೆಗಳಲ್ಲಿ ಅಪರೂಪದ ದರವೇನಲ್ಲ. ಐದು, ಹತ್ತು ರೂಪಾಯಿ ಬಡ್ಡಿಯೂ ಇದೆ. ಮೂರರ ಲೆಕ್ಕವನ್ನೇ ಹಿಡಿದರೂ, ಬಡ್ಡಿ ಕಟ್ಟಲಾಗದೆ ಅಸಲಿಗೆ ಸೇರುತ್ತಾ ಹೋದರೆ 10 ಸಾವಿರದ ಸಾಲ ಐದು ವರ್ಷಕ್ಕೆ 58,900 ದಾಟುತ್ತದೆ. ಗುಣಾಕಾರ ಬಡವರ ಮನೆಗೂ ಬರುತ್ತದೆ, ಆದರೆ ಸಾಲದ ಕಡೆಯಿಂದ ಬರುತ್ತದೆ. ದುಡಿಮೆ ಕೂಡುತ್ತಿರುವಾಗಲೇ ಬಡ್ಡಿ ಗುಣಿಸುತ್ತಿರುತ್ತದೆ. 2025ರ ಮೊದಲ ತಿಂಗಳುಗಳಲ್ಲಿ ಕಿರುಸಾಲ ವಸೂಲಿಯ ಕಾಟಕ್ಕೆ ನಮ್ಮ ರಾಜ್ಯದ ಊರೂರುಗಳಲ್ಲಿ ಜನ ಮನೆಗೆ ಬೀಗ ಹಾಕಿ ಹೋದರು, ಕೆಲವರು ಜೀವವನ್ನೇ ಬಿಟ್ಟರು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದು ವಿಧಿಸಬೇಕಾಯಿತು. ಆ ಸಾಲಗಾರರಲ್ಲಿ ಸೋಮಾರಿಗಳೆಷ್ಟು ಎಂದು ಯಾರಾದರೂ ಎಣಿಸಿ ನೋಡಲಿ. ಕೂಲಿ, ಗಾರೆ ಕೆಲಸ, ಮನೆಗೆಲಸ, ಹಾಲು ಕರೆಯುವುದು, ಬೆಳಗ್ಗೆ ನಾಲ್ಕಕ್ಕೆ ಎದ್ದು ರಾತ್ರಿ ಹತ್ತಕ್ಕೆ ಮಲಗುವ ಹೆಂಗಸರೇ ಹೆಚ್ಚು.

ಇನ್ಫೋಸಿಸ್‌ನಲ್ಲೇ ಒಡೆತನದ ಈ ಲೆಕ್ಕಕ್ಕೆ ಇನ್ನೊಂದು ಮುಖವಿದೆ. 1994ರಿಂದ ಕಂಪನಿ ತನ್ನ ನೌಕರರಿಗೂ ಷೇರು ಹಂಚಿತು. ತೊಂಬತ್ತರ ದಶಕದ ಕೊನೆಯಲ್ಲಿ ಅಲ್ಲಿನ ಎಂಜಿನಿಯರುಗಳ ಜೊತೆಗೆ ಚಾಲಕರು, ಎಲೆಕ್ಟ್ರಿಷಿಯನ್‌ಗಳು ಕೂಡ ಲಕ್ಷಾಧಿಪತಿಗಳಾದ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಇಂದು ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಕ್ಯಾಬ್ ಓಡಿಸುವವರು, ಬಾಗಿಲು ಕಾಯುವವರು, ಶೌಚಾಲಯ ತೊಳೆಯುವವರು ಸಾಮಾನ್ಯವಾಗಿ ಏಜೆನ್ಸಿಯ ಜನ, ಕಂಪನಿಯ ಜನರಲ್ಲ. ಅಂದಿನ ಚಾಲಕನಿಗಿಂತ ಇಂದಿನ ಚಾಲಕ ಕಡಿಮೆ ದುಡಿಯುತ್ತಾನೆಯೇ? ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಅವನು ಒತ್ತಿ ಕೂರುವ ಕ್ಲಚ್ಚನ್ನು ಕೇಳಬೇಕು. ಕೆಲಸ ಅದೇ, ನಗರ ಅದೇ, ಬೆವರು ಬಹುಶಃ ಹೆಚ್ಚೇ. ಕೈಯಲ್ಲಿ ಷೇರು ಇತ್ತೇ ಇಲ್ಲವೇ ಎಂಬುದಷ್ಟೇ ಬೇರೆ. ಕಷ್ಟಪಟ್ಟರೆ ಸುಖವುಂಟೇ ಎಂಬ ಪ್ರಶ್ನೆಗೆ ಇಷ್ಟು ಸ್ಪಷ್ಟವಾದ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಪ್ಯಾರಿಸ್ಸಿನ ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2022-23ರಲ್ಲಿ ಭಾರತದ ಮೇಲ್ತುದಿಯ ಶೇ. 1 ಜನರ ಪಾಲಿಗೆ ದೇಶದ ಆದಾಯದಲ್ಲಿ ಶೇ. 22.6 ಹೋಯಿತು, ಸಂಪತ್ತಿನಲ್ಲಿ ಶೇ. 40.1. ಆದಾಯಕ್ಕಿಂತ ಸಂಪತ್ತು ಎಷ್ಟು ಹೆಚ್ಚು ಮೇಲಕ್ಕೆ ರಾಶಿಬಿದ್ದಿದೆ ಗಮನಿಸಿ. ವಯಸ್ಕರೊಬ್ಬರ ಸರಾಸರಿ ವಾರ್ಷಿಕ ಆದಾಯ ಸುಮಾರು 2.3 ಲಕ್ಷ. ಆ ‘ಸರಾಸರಿ’ಯನ್ನು ಮುಟ್ಟಬೇಕಾದರೆ ನೂರು ಜನರ ಸಾಲಿನಲ್ಲಿ ಕೆಳಗಿನಿಂದ ತೊಂಬತ್ತನೆಯವರ ಹತ್ತಿರ ನಿಂತಿರಬೇಕು. ಅವರ ಹಿಂದಿರುವವರೆಲ್ಲ ಸರಾಸರಿಗಿಂತ ಕೆಳಗೆ.

ಕೆಳಗಿನಿಂದ ಅಲ್ಲಿಯವರೆಗೆ ಏರಲು ಎಷ್ಟು ಕಾಲ ಬೇಕು? ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ 2018ರಲ್ಲಿ ಬೇರೆ ಬೇರೆ ದೇಶಗಳಿಗೆ ಇದನ್ನು ಅಂದಾಜು ಮಾಡಿತು. ಬಡ ಕುಟುಂಬವೊಂದು ದೇಶದ ಸರಾಸರಿ ಆದಾಯಕ್ಕೆ ಬರಲು ಡೆನ್ಮಾರ್ಕಿನಲ್ಲಿ ಎರಡು ತಲೆಮಾರು ಸಾಕು. ಸ್ವಪ್ರಯತ್ನದ ದೇಶವೆಂದು ಹೆಸರಾದ ಅಮೆರಿಕದಲ್ಲಿ ಐದು. ಭಾರತದಲ್ಲಿ ಏಳು. ತಲೆಮಾರಿಗೆ ಇಪ್ಪತ್ತೆಂಟು-ಮೂವತ್ತು ವರ್ಷದಂತೆ ಏಳು ತಲೆಮಾರೆಂದರೆ ಇನ್ನೂರು ವರ್ಷ. 1824ರಲ್ಲಿ ರಾಣಿ ಚೆನ್ನಮ್ಮನ ಸೈನಿಕರು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆಯನ್ನು ಹೊಡೆದುರುಳಿಸಿದ ದಿನ ಅದೇ ಊರಿನಲ್ಲಿ ಕೂಲಿಗೆ ಹೋಗಿದ್ದ ಬಡವನೊಬ್ಬ ಇದ್ದನೆಂದುಕೊಳ್ಳಿ. ಈ ವೇಗದಲ್ಲಿ ಅವನ ವಂಶ ದೇಶದ ಸರಾಸರಿಗೆ ಬಂದು ಮುಟ್ಟುವುದು ಈಗ. ಶ್ರೀಮಂತಿಕೆಗಲ್ಲ, ಸರಾಸರಿಗೆ.

ಇನ್ನೊಂದು ಅಂಕಿಯನ್ನು ಇಲ್ಲೇ ಹೇಳಿಬಿಡುತ್ತೇನೆ. 2019ರಲ್ಲಿ ಅಜೀಂ ಪ್ರೇಮ್‌ಜಿಯವರು ವಿಪ್ರೋ ಷೇರುಗಳ ಇನ್ನೊಂದು ದೊಡ್ಡ ಭಾಗದ ಫಲವನ್ನು ತಮ್ಮ ಪ್ರತಿಷ್ಠಾನಕ್ಕೆ ಬರೆದುಕೊಟ್ಟಾಗ ಅವರ ಒಟ್ಟು ದಾನದ ಮೌಲ್ಯ 1 ಲಕ್ಷ 45 ಸಾವಿರ ಕೋಟಿ ಆಯಿತು. ನಮ್ಮ ಟೈಲರಿನ ವರ್ಷದ 1 ಲಕ್ಷ 44 ಸಾವಿರದಿಂದ ಭಾಗಿಸಿದರೆ ಬರುವ ಉತ್ತರ ಸುಮಾರು ಒಂದು ಕೋಟಿ. ಒಂದು ಕೋಟಿ ವರ್ಷಗಳ ಹೊಲಿಗೆ. ಆ ದುಡ್ಡು ಸರ್ಕಾರಿ ಶಾಲೆಗಳಿಗೆ, ಮಕ್ಕಳ ಊಟಕ್ಕೆ ಹೋಗುತ್ತಿದೆ, ಅದಕ್ಕೆ ಮನಸಾರೆ ಕೈಮುಗಿಯುತ್ತೇನೆ. ಆದರೂ ಒಬ್ಬರ ಹೆಸರಿನಲ್ಲಿ ಒಂದು ಕೋಟಿ ಮನುಷ್ಯವರ್ಷಗಳು ಸೇರಬಲ್ಲವು ಎಂಬುದನ್ನು ಅರಗಿಸಿಕೊಳ್ಳಲು ಹೊತ್ತು ಬೇಕು.

ಈಗ ತೀರಾ ಸಣ್ಣ ಅಂಕಿಯೊಂದಕ್ಕೆ ಬರುತ್ತೇನೆ: 257 ರೂಪಾಯಿ. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕಾರ್ಖಾನೆಗಳಿಂದ ಎದ್ದು ಹೊರಗೆ ಬಂದರು. ಬೊಮ್ಮನಹಳ್ಳಿ, ಹೊಸೂರು ರಸ್ತೆ, ಪೀಣ್ಯ, ಜಾಲಹಳ್ಳಿ ಕ್ರಾಸ್. ಲಕ್ಷಕ್ಕೂ ಹೆಚ್ಚು ಜನ. ಕರೆ ಕೊಟ್ಟ ನಾಯಕರಿಲ್ಲ, ಮುಂದೆ ನಿಂತ ಸಂಘವಿಲ್ಲ. ಲಾಠಿ, ಅಶ್ರುವಾಯು, ಸುಟ್ಟ ಬಸ್ಸುಗಳು, ಎರಡು ದಿನ ನಗರ ನಿಂತುಹೋಯಿತು. ಕಾರಣ, ಆ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿ.ಎಫ್. ನಿಯಮ ಬದಲಿಸಿತ್ತು. ಕೆಲಸ ಬಿಟ್ಟವರು ತಮ್ಮ ಪಾಲಿನ ದುಡ್ಡನ್ನಷ್ಟೇ ತೆಗೆಯಬಹುದು, ಮಾಲೀಕರ ಪಾಲು 58 ವರ್ಷ ತುಂಬುವ ತನಕ ಒಳಗೇ ಇರಬೇಕು ಎಂದು.

ಮಾಲೀಕರ ಪಾಲೆಂದರೆ ಎಷ್ಟು? ಅವರು ಕಟ್ಟುವ ಶೇ. 12ರಲ್ಲಿ ಶೇ. 8.33 ಪಿಂಚಣಿ ನಿಧಿಗೆ ಹೋಗುತ್ತದೆ. ಪಿ.ಎಫ್. ಖಾತೆಗೆ ಬೀಳುವುದು ಉಳಿದ ಶೇ. 3.67. ಆಗಿನ ಸುಮಾರು 7 ಸಾವಿರ ಸಂಬಳಕ್ಕೆ ಅದು ತಿಂಗಳಿಗೆ 257 ರೂಪಾಯಿ. ಐದು ವರ್ಷ ದುಡಿದವಳಿಗೆ ಬಡ್ಡಿ ಬಿಟ್ಟು 15,400. ಆ 15,400ಕ್ಕಾಗಿ ಲಕ್ಷ ಹೆಂಗಸರು ಪೊಲೀಸರ ಎದುರು ನಿಂತರು. ಏಪ್ರಿಲ್ 19ರಂದೇ ಆಗಿನ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆಯನ್ನು ರದ್ದು ಮಾಡಿದರು.

ಅಷ್ಟು ಸಣ್ಣ ಮೊತ್ತಕ್ಕೆ ಇಷ್ಟು ರಂಪವೇ ಎಂದು ಆಗ ಕೇಳಿದವರಿದ್ದರು. ಆ ಹೆಣ್ಣುಮಕ್ಕಳ ಬದುಕಿನಲ್ಲಿ ಕೂಡುವ ಲೆಕ್ಕದಿಂದ ಹೊರಗಿದ್ದ, ಬಡ್ಡಿ ಸೇರಿ ಬೆಳೆಯುತ್ತಿದ್ದ ಒಂದೇ ಒಂದು ಆಸ್ತಿ ಅದು. ಊರಿನಲ್ಲಿ ಅಪ್ಪನಿಗೆ ಜಮೀನಿದ್ದರೂ ಹೆಣ್ಣುಮಗಳ ಹೆಸರಿಗಿಲ್ಲ. ನಗರದಲ್ಲಿ ಮನೆ ಬಾಡಿಗೆಯದು. ಚೀಟಿ ಹಾಕಿದ್ದು ಮುಂದಿನ ಹಬ್ಬಕ್ಕೆ ಮುಗಿಯುತ್ತದೆ. ಪಿ.ಎಫ್. ಪಾಸ್‌ಬುಕ್ಕಿನಲ್ಲಿ ಮಾತ್ರ ಅವಳದ್ದೇ ಹೆಸರಿದೆ. ಅದನ್ನು ಮುಟ್ಟದೆ ಇಟ್ಟರೆ ಏನಾಗುತ್ತದೆ ಎಂಬ ಲೆಕ್ಕವೂ ದಂಗುಬಡಿಸುವಂಥದ್ದು. ಸಂಬಳ 13,700 ಎಂದು ಹಿಡಿದರೆ ಎರಡೂ ಪಾಲು ಸೇರಿ ತಿಂಗಳಿಗೆ ಸುಮಾರು 2,150 ಜಮೆಯಾಗುತ್ತದೆ. ಸಂಬಳ ಒಂದು ರೂಪಾಯಿ ಏರದಿದ್ದರೂ, 2024-25ರ ಶೇ. 8.25 ಬಡ್ಡಿಯಲ್ಲಿ ಮೂವತ್ತು ವರ್ಷಕ್ಕೆ ಅದು 30 ಲಕ್ಷ ದಾಟುತ್ತದೆ. ಕಟ್ಟಿದ್ದು ಎಂಟು ಲಕ್ಷದೊಳಗೆ.

ಆದರೆ ಮೂವತ್ತು ವರ್ಷ ಅದನ್ನು ಉಳಿಸಿಕೊಂಡವರು ಎಷ್ಟು ಮಂದಿ? ಕಾರ್ಖಾನೆ ಮುಚ್ಚಿತು, ಹೆರಿಗೆಗೆ ಕೆಲಸ ಬಿಟ್ಟಳು, ಬೆನ್ನುನೋವು ಬಂತು, ತಂಗಿಯ ಮದುವೆ ಬಂತು. ಪ್ರತಿ ಸಲ ಪಿ.ಎಫ್. ಮುರಿಯಿತು, ಎಣಿಕೆ ಮತ್ತೆ ಸೊನ್ನೆಯಿಂದ ಶುರು. ವರ್ಷಕ್ಕೆ ನೂರಕ್ಕೆ ಮೂವತ್ತಾರು ಕೇಳುವ ಸಾಲ ಮನೆಯಲ್ಲಿರುವಾಗ ಎಂಟೂಕಾಲು ತರುವ ಉಳಿತಾಯವನ್ನು ಮುರಿಯುವುದೇ ಜಾಣತನ. ಅವಳಿಗೆ ಲೆಕ್ಕ ಬರುವುದಿಲ್ಲ ಎಂದು ಯಾರೂ ಹೇಳಬಾರದು.

ಕಷ್ಟದ ದುಡಿಮೆ ಏನನ್ನೂ ಕೊಡುವುದಿಲ್ಲ ಎಂದು ಇದರ ಅರ್ಥವಲ್ಲ. ದಕ್ಷಿಣ ಕನ್ನಡ, ಉಡುಪಿಯ ಕಡೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರನ್ನು ನೋಡಿದವರಿಗೆ ಅದು ಗೊತ್ತು. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಚಿಟಿಕೆ ಹೊಗೆಸೊಪ್ಪು ಹಾಕಿ, ಎರಡು ಕೈಯ ಬೆರಳ ನಡುವೆ ಸುರುಳಿ ಸುತ್ತಿ, ದಾರ ಬಿಗಿದು, ತುದಿಯನ್ನು ಉಗುರಿನಿಂದ ಒಳಕ್ಕೆ ಮಡಚಿದರೆ ಒಂದು ಬೀಡಿ. ಇಪ್ಪತ್ತೈದಕ್ಕೆ ಒಂದು ಕಟ್ಟು, ನಲವತ್ತು ಕಟ್ಟಿಗೆ ಸಾವಿರ. ಕೂಲಿ ಸಾವಿರಕ್ಕೆ ಇಷ್ಟು ಎಂದು. ಸಂಜೆ ಬೀಡಿ ಬ್ರಾಂಚಿಗೆ ಕೊಂಡುಹೋದಾಗ ಚೆನ್ನಾಗಿಲ್ಲವೆಂದು ತೆಗೆದುಹಾಕಿದ್ದಕ್ಕೆ ಕೂಲಿ ಇಲ್ಲ. ಒಂಬತ್ತು ಗಂಟೆಯಲ್ಲಿ ಸಾವಿರ ಕಟ್ಟಬೇಕಾದರೆ ಒಂದಕ್ಕೆ 32 ಸೆಕೆಂಡು. ಹೀಗೆ ವರ್ಷಕ್ಕೆ 300 ದಿನ, ಮೂವತ್ತು ವರ್ಷ ಕಟ್ಟಿದವಳ ಕೈಯಿಂದ 90 ಲಕ್ಷ ಬೀಡಿ ಹೊರಬಿದ್ದಿರುತ್ತದೆ. ಒಂದೊಂದು ಏಳು ಸೆಂಟಿಮೀಟರ್ ಎಂದು ಹಿಡಿದು ತುದಿಗೆ ತುದಿ ಜೋಡಿಸಿದರೆ 630 ಕಿಲೋಮೀಟರ್: ಮಂಗಳೂರಿನಿಂದ ಹೊರಟು, ಬೆಂಗಳೂರು ದಾಟಿ, ವೆಲ್ಲೂರನ್ನೂ ದಾಟಿ ಹೋಗುತ್ತದೆ. ಅಷ್ಟುದ್ದದ ದುಡಿಮೆಯಿಂದ ಆ ತಾಯಿ ತನಗೆಂದು ಆಸ್ತಿ ಮಾಡಲಿಲ್ಲ. ಮಗಳನ್ನು ಪದವಿ ಓದಿಸಿದಳು, ಸೋಗೆ ತೆಗೆದು ಹೆಂಚು ಹಾಕಿಸಿದಳು. ಹಸಿವಿನಿಂದ ಮೇಲಕ್ಕೆತ್ತುವ ಕೆಲಸವನ್ನು ದುಡಿಮೆ ಇಂದಿಗೂ ಮಾಡುತ್ತದೆ. ಅಲ್ಲಿಂದ ಮುಂದಕ್ಕೆ ಒಯ್ಯುವುದು ಅದರ ಕೈಯಲ್ಲಿಲ್ಲ.

ಇದೇ ಬೀಡಿಯ ಕಥೆಗೆ ಗಡಿಯಾಚೆ ಒಂದು ಅಧ್ಯಾಯವಿದೆ, ಅದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಬೀಡಿ ಕಾರ್ಮಿಕರಿಗೆ ರಜೆ, ಸೌಲಭ್ಯ ಕೊಡಬೇಕೆಂಬ 1966ರ ಕಾಯ್ದೆಯನ್ನು ಕೇರಳ 1968ರಲ್ಲಿ ಜಾರಿಗೆ ತಂದಾಗ ಮಂಗಳೂರಿನ ದೊಡ್ಡ ಬೀಡಿ ಕಂಪನಿಗಳು ಕಣ್ಣೂರಿನ ತಮ್ಮ ಘಟಕಗಳನ್ನು ಮುಚ್ಚಿದವು. ಸುಮಾರು 12 ಸಾವಿರ ಜನ ಬೀದಿಗೆ ಬಿದ್ದರು. 1969ರಲ್ಲಿ ಅವರೇ ಸೇರಿ ಸಹಕಾರ ಸಂಘ ಕಟ್ಟಿದರು, ಕೇರಳ ದಿನೇಶ್ ಬೀಡಿ. ಷೇರೊಂದಕ್ಕೆ 20 ರೂಪಾಯಿ. ಕೆಲಸ ಕಳೆದುಕೊಂಡವನ ಜೇಬಿನಲ್ಲಿ ಇಪ್ಪತ್ತು ರೂಪಾಯಿ ಎಲ್ಲಿಂದ ಬರಬೇಕು? ಕಾರ್ಮಿಕ ಒಂದು ರೂಪಾಯಿ ಕೊಟ್ಟರೆ ಸಾಕು, ಉಳಿದ 19ನ್ನು ಸರ್ಕಾರ ಸಾಲವಾಗಿ ಕೊಟ್ಟಿತು. ಒಂದು ರೂಪಾಯಿಗೆ ಒಡೆತನ. ಸಂಘದ ಕಾರ್ಮಿಕರ ಸಂಖ್ಯೆ ಮುಂದೆ ನಲವತ್ತು ಸಾವಿರ ದಾಟಿತು. ಪಿ.ಎಫ್., ಬೋನಸ್, ಸಂಬಳದ ರಜೆ ಎಲ್ಲ ಬಂತು. ಮುಂದೆ ಬೀಡಿ ಸೇದುವವರು ಕಡಿಮೆಯಾಗಿ ಸಂಘವೂ ಸೊರಗಿತು; ಕೊಡೆ, ತಿಂಡಿ ಪದಾರ್ಥ, ಸಿದ್ಧ ಉಡುಪಿನ ಕಡೆಗೆ ತಿರುಗಿತು. ಆದರೆ ಬೀಡಿ ಕಟ್ಟುವ ಕೈಯೇ ಬೀಡಿ ಸಂಘದ ಒಡೆಯನಾಗಬಹುದು ಎಂಬುದು ದಶಕಗಳ ಕಾಲ ನಡೆದು ತೋರಿದ ಸಂಗತಿ.

ಆ ಒಂದು ರೂಪಾಯಿಯನ್ನು ನೆನಪಿಟ್ಟುಕೊಂಡು ಮತ್ತೆ ಬೆಂಗಳೂರಿಗೆ ಬರೋಣ. ಜಾಕಿ ಒಳಉಡುಪು ತಯಾರಿಸುವ ಪೇಜ್ ಇಂಡಸ್ಟ್ರೀಸ್ ಇಲ್ಲಿಯದೇ ಕಂಪನಿ. 2007ರಲ್ಲಿ ಅದು ಷೇರುಪೇಟೆಗೆ ಬಂದಾಗ ಷೇರಿಗೆ 360 ರೂಪಾಯಿ. ಇತ್ತೀಚಿನ ವರ್ಷಗಳಲ್ಲಿ ಅದರ ಒಂದು ಷೇರು 36 ಸಾವಿರಕ್ಕೂ ಮೇಲೆ ಹೋಗಿ ಬಂದಿದೆ. ನೂರು ಪಟ್ಟು. ಇದೇ ಅವಧಿಯಲ್ಲಿ ರಾಜ್ಯದ ಗಾರ್ಮೆಂಟ್ಸ್ ಕನಿಷ್ಠ ಕೂಲಿ ಬೆಳೆದದ್ದು ಸುಮಾರು ಐದು ಪಟ್ಟು, ಅದೂ ಬೆಲೆಯೇರಿಕೆಯ ಹಿಂದೆ ಓಡಿ. ಇದಕ್ಕೆ ಕಾನೂನು ಮೀರಬೇಕಾಗಿಯೂ ಇಲ್ಲ. ಬಂಡವಾಳದ ವ್ಯವಸ್ಥೆ ಚೆನ್ನಾಗಿ ನಡೆದರೆ ಹೀಗೆಯೇ ನಡೆಯುತ್ತದೆ: ಹೊಲಿಗೆ ಉದ್ಯಮ ನೂರು ಪಟ್ಟು, ಹೊಲಿಯುವ ಕೈ ಐದು ಪಟ್ಟು.

ರಾಜ್ಯದಲ್ಲಿ ಗಾರ್ಮೆಂಟ್ಸ್ ಕಾರ್ಮಿಕರು ನಾಲ್ಕು ಲಕ್ಷ ಎಂದಿಟ್ಟುಕೊಂಡು, 2007ರಲ್ಲಿ ಒಬ್ಬೊಬ್ಬರಿಗೆ ಆ ಥರದ ಒಂದೇ ಒಂದು ಷೇರು ಕೊಡಿಸಿದ್ದರೆ ಬೇಕಾಗುತ್ತಿದ್ದುದು 14 ಕೋಟಿ 40 ಲಕ್ಷ. ನೂರು ಪಟ್ಟಾದ ಮೇಲೆ 1,440 ಕೋಟಿ. ಯಾವ ಕಂಪನಿ ಬೆಳೆಯುತ್ತದೆಂದು ಮೊದಲೇ ತಿಳಿಯುವುದಿಲ್ಲ ಎಂಬುದು ನಿಜ. ಅದಕ್ಕೇ ಒಂದೇ ಕಂಪನಿಯನ್ನು ನಂಬದೆ ಹಲವಾರರಲ್ಲಿ ಹರಡಬೇಕು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮದಲ್ಲಿ ಬಾಗಿಲೂ ಇದೆ. ಹೊಸದಾಗಿ ಷೇರುಪೇಟೆಗೆ ಬರುವ ಕಂಪನಿ ತನ್ನ ಬಂಡವಾಳದ ಶೇ. 5ರವರೆಗೆ ನೌಕರರಿಗೆ ಮೀಸಲಿಡಬಹುದು. ಆದರೆ ಸಾಮಾನ್ಯರು ಅರ್ಜಿ ಹಾಕಲು ಬೇಕಾದ ಕನಿಷ್ಠ ಲಾಟಿನ ಬೆಲೆ ಹೆಚ್ಚುಕಡಿಮೆ 15 ಸಾವಿರ, ಟೈಲರಿನ ತಿಂಗಳ ಸಂಬಳಕ್ಕಿಂತ ಹೆಚ್ಚು. ಕಣ್ಣೂರಿನ ಲೆಕ್ಕವನ್ನೇ ಇಲ್ಲಿಗೆ ತರಬಹುದು, ಇಪ್ಪತ್ತರಲ್ಲಿ ಒಂದು ಭಾಗ ದುಡಿಯುವವರದು, ಹತ್ತೊಂಬತ್ತು ಭಾಗ ಸರ್ಕಾರದ ಸಾಲ. 15 ಸಾವಿರದ ಲಾಟಿಗೆ ಅವಳ ಕೈಯಿಂದ ಹೋಗುವುದು 750 ರೂಪಾಯಿ. ಉಳಿದ 14,250ನ್ನು ಲಾಭಾಂಶದಲ್ಲಿ, ಷೇರು ಮಾರಿದ ದಿನ ಬಂದ ದುಡ್ಡಿನಲ್ಲಿ ಹಿಡಿದುಕೊಳ್ಳಲಿ; ಷೇರು ಮುಳುಗಿದರೆ ಸಾಲವನ್ನು ಸರ್ಕಾರವೇ ಬಿಡಲಿ. ನಾಲ್ಕು ಲಕ್ಷ ಜನರಿಗೂ ಒಂದೊಂದು ಲಾಟು ಎಂದರೆ 570 ಕೋಟಿ. ಕೈಗಾರಿಕೆಗಳಿಗೆ ಜಮೀನು, ವಿದ್ಯುತ್, ತೆರಿಗೆಯಲ್ಲಿ ನಾವು ಪ್ರತಿ ವರ್ಷ ಬಿಟ್ಟುಕೊಡುವುದರ ಪಕ್ಕದಲ್ಲಿಟ್ಟು ಬಜೆಟ್ ಬರೆಯುವವರು ಈ 570 ಕೋಟಿಯನ್ನು ಒಮ್ಮೆ ನೋಡಲಿ.